ಫೋಟೋಗೆ ಹೋಲದ ಅರ್ಜಿದಾರ

ಮನುಷ್ಯನಿಗೆ ವಯಸ್ಸಾಗುತ್ತದೆ ಎಂಬ ಸಂಗತಿಯನ್ನು ಪರದೇಶದಲ್ಲಿರುವ ನಮ್ಮ ದೂತಾವಾಸ ಕಚೇರಿಯು ಈವರೆಗೆ ಅಧಿಕೃತವಾಗಿ ಒಪ್ಪಿಕೊಂಡಿಲ್ಲ. ಒಪ್ಪಿಕೊಳ್ಳಬೇಕೆಂದು ಯಾರೂ ಲಿಖಿತವಾಗಿ ಕೋರಿಯೂ ಇಲ್ಲ. ಆದ್ದರಿಂದ ಲಿಫ್ಟ್ ಮೆಕ್ಯಾನಿಕ್ ಒಬ್ಬನಿಗೆ ಅಲ್ಲಿ ಆದದ್ದನ್ನು ಅನ್ಯಾಯ ಎನ್ನುವವರು ನಿಯಮಾವಳಿ ಓದಿಕೊಂಡವರಲ್ಲ ಎಂದಷ್ಟೇ ಹೇಳಬಲ್ಲೆ.

ನಾನು ಆ ಕಟ್ಟಡದ ನೆಲಮಾಳಿಗೆಯಲ್ಲಿ, ಜೆರಾಕ್ಸ್ ಮಷೀನಿನ ಪಕ್ಕ ಮೇಜು ಹಾಕಿಕೊಂಡು, ಬಂದವರಿಗೆ ಅರ್ಜಿ ತುಂಬಿಕೊಡುವವನು. ಮೇಲಿನವರು ಎಷ್ಟು ತಪ್ಪು ಹುಡುಕುತ್ತಾರೋ ನನಗೆ ಅಷ್ಟು ಗಿರಾಕಿ. ಹೀಗಾಗಿ ಕಚೇರಿಯ ಮೇಲೆ ನನಗಿರುವ ಗೌರವ ಹೊಟ್ಟೆಯಿಂದಲೇ ಹುಟ್ಟಿದ್ದು. ಅಲ್ಲಿನವರ ಮುಖ ಕಂಡರೆ ಮೈ ಉರಿಯುತ್ತದೆ ಎಂಬುದನ್ನೂ ಇಲ್ಲೇ ದಾಖಲಿಸಿಬಿಡುತ್ತೇನೆ. ಎರಡೂ ಒಟ್ಟಿಗೆ ಇರುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.

ಕಚೇರಿ ಇರುವುದು ಮೂರನೆಯ ಮಹಡಿಯಲ್ಲಿ. ಸಾರ್ವಜನಿಕರ ಕುರ್ಚಿಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದಾರೆ, ಕೌಂಟರಿಗೆ ಬೆನ್ನು ಮಾಡಿ. ಯಾರ ಸರದಿ ಬಂದಿತೋ ತಿಳಿಯಲು ಎಲ್ಲರೂ ಕತ್ತು ತಿರುಗಿಸಿಕೊಂಡೇ ಕೂತಿರುತ್ತಾರೆ. ಕೌಂಟರಿನ ಗಾಜಿಗೆ ಮಾತಾಡಲು ಒಂದು ತೂತು ಇದೆ, ಅದು ಸೊಂಟದ ಎತ್ತರಕ್ಕಿದೆ. ಬಾಯಿ ಬಿಡಬೇಕಾದರೆ ಬಗ್ಗಲೇಬೇಕು. ಪರದೇಶಕ್ಕೆ ಬಂದರೂ ನಮ್ಮ ಜನ ನಯವಿನಯ ಮರೆತಿಲ್ಲ ಎಂದು ಕಚೇರಿಯ ವಾರ್ಷಿಕ ವರದಿಯಲ್ಲಿ ಪ್ರತಿ ಸಲವೂ ಸಂತೋಷ ವ್ಯಕ್ತಪಡಿಸುತ್ತಾರೆ.

ಗೋಡೆಯ ಮೇಲೆ, ಕೂತವರ ಕಣ್ಣಿಗೆ ನೇರವಾಗಿ, ಈ ಪ್ರಕಟಣೆ ಇದೆ:

“ನವೀಕರಣವೆಂದರೆ ಇದ್ದದ್ದನ್ನೇ ಮುಂದುವರಿಸುವುದು. ಆದಕಾರಣ ಪಾಸ್‌ಪೋರ್ಟ್ ನವೀಕರಣ ಕೋರುವ ಅರ್ಜಿದಾರರು ತಮ್ಮ ಹಳೆಯ ಪಾಸ್‌ಪೋರ್ಟಿನಲ್ಲಿರುವ ಭಾವಚಿತ್ರವನ್ನು ಎಲ್ಲ ರೀತಿಯಲ್ಲೂ ಹೋಲತಕ್ಕದ್ದು. ಹೋಲದೇ ಇರುವವರು ಹೋಲುವವರೆಗೆ ಕಾಯತಕ್ಕದ್ದು.”

ಮೆಕ್ಯಾನಿಕ್ ಹೋಲುತ್ತಿರಲಿಲ್ಲ. ಆ ಫೋಟೋ ತೆಗೆಸಿಕೊಂಡು ವಿಮಾನ ಹತ್ತಿದವನು ಮತ್ತೆ ಊರಿನ ಕಡೆ ಮುಖ ಮಾಡಿರಲಿಲ್ಲ. ಫೋಟೋದಲ್ಲಿ ತುಂಬುಗೂದಲಿನ, ಕೆನ್ನೆ ಉಬ್ಬಿದ, ನಗು ತಡೆದುಕೊಂಡ ಹುಡುಗನಿದ್ದ. ಕೌಂಟರಿನ ಮುಂದೆ ಬಗ್ಗಿ ನಿಂತವನಿಗೆ ತಲೆಯ ಮೇಲೆ ಹೊಳಪು ಬಿಟ್ಟರೆ ಬೇರೇನೂ ಇರಲಿಲ್ಲ. ದವಡೆ ಹಲ್ಲು ಹೋಗಿ ಕೆನ್ನೆ ಒಳಗಿಳಿದಿತ್ತು. ಕತ್ತಲ ಗುಂಡಿಗಳಲ್ಲಿ ಇಳಿದು ಹತ್ತಿ, ಬೇರೆಯವರ ಲಿಫ್ಟನ್ನು ಮೇಲೆ ಕಳಿಸಿ ಕಳಿಸಿ ಅವನು ಹಾಗಾಗಿದ್ದ.

ಅವನ ತಾಯಿ ಊರಿನಲ್ಲಿ ಅವನ ಅಕ್ಕನ ಮನೆಯಲ್ಲಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಆಗಬೇಕು. ಆದರೆ ಪಟ್ಟಿ ಬಿಚ್ಚಿದಾಗ ಮೊದಲು ಮಗನ ಮುಖ ಕಾಣಬೇಕು, ಅವನು ಬರುವವರೆಗೆ ಆಪರೇಷನ್ನೇ ಬೇಡ ಎಂದು ಆಕೆ ಹಟ ಹಿಡಿದಿದ್ದರು. ತಡ ಮಾಡಿದರೆ ಇರುವ ಬೆಳಕೂ ಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಕಂಪನಿ ರಜೆ ಕೊಟ್ಟಿತ್ತು. ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು.

ಅರ್ಜಿ ನಾನೇ ತುಂಬಿಕೊಟ್ಟು ಜೊತೆಯಲ್ಲಿ ಮೇಲೆ ಹೋದೆ. ಗಾಜಿನ ಹಿಂದೆ ಹೋಲಿಕೆ ಅಧಿಕಾರಿಗಳು ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು ಕೂತಿದ್ದರು. ಮೆಕ್ಯಾನಿಕ್‌ನನ್ನು ಅವರು ಚೆನ್ನಾಗಿಯೇ ಬಲ್ಲರು. ಆ ಕಟ್ಟಡದ ಲಿಫ್ಟ್ ನೋಡಿಕೊಳ್ಳುವವನು ಅವನೇ.

“ಇದು ನೀನಲ್ಲ,” ಎಂದರು ಫೋಟೋ ನೋಡಿ.

“ನಾನೇ ಸಾರ್. ಮೊನ್ನೆ ತಾನೇ ನಿಮ್ಮ ಲಿಫ್ಟಿಗೆ ಗ್ರೀಸ್ ಹಾಕಿ ಹೋದೆನಲ್ಲ.”

“ನೀನು ನೀನೇ ಅಂತ ನನಗೆ ಗೊತ್ತಪ್ಪಾ. ನಾನು ಇಲ್ಲ ಅಂದ್ನಾ? ಫೋಟೋಗೆ ಗೊತ್ತಾಗ್ಬೇಕಲ್ಲ.”

“ಇಷ್ಟು ವರ್ಷ ಆಯ್ತಲ್ಲ ಸಾರ್. ಮುಖ ಬದಲಾಗಲ್ವಾ?”

“ಬದಲಾಯಿಸ್ಕೊಳ್ಳೋ ಮುಂಚೆ ಅನುಮತಿ ತಗೊಂಡಿದ್ಯಾ?”

ಅವನು ತೆಗೆದುಕೊಂಡಿರಲಿಲ್ಲ. ನಮ್ಮ ಜನರ ಬೇಜವಾಬ್ದಾರಿ ಅಂಥದ್ದು. ವಯಸ್ಸಾಗಿಬಿಟ್ಟು ಆಮೇಲೆ ಕಚೇರಿಗೆ ಬಂದು ಹಲ್ಲುಗಿಂಜುತ್ತಾರೆ.

ತಾಯಿಯ ಕಣ್ಣಿನ ವಿಷಯ ಹೇಳಿ, ತುರ್ತು ಪ್ರಯಾಣ ಪತ್ರವನ್ನಾದರೂ ಕೊಡಿ ಎಂದು ನಾನು ಬಗ್ಗಿ ಕೇಳಿದೆ. ಅಧಿಕಾರಿಗಳು ಸಹಾನುಭೂತಿಯಿಂದ ತಲೆದೂಗಿದರು. “ಅದಕ್ಕೂ ಹೋಲಿಕೆ ಬೇಕು ಕಣ್ರೀ. ಅಲ್ಲಿ ತುರ್ತಾಗಿ ಬೇಕು, ಅಷ್ಟೇ ವ್ಯತ್ಯಾಸ.” ನಂತರ ಧ್ವನಿ ತಗ್ಗಿಸಿ, ಕಾರಿಡಾರಿನ ಕೊನೆಯ ಬಾಗಿಲು ತಟ್ಟಿ ನೋಡುವಂತೆ ಸೂಚಿಸಿದರು.

ಆ ಬಾಗಿಲ ಮೇಲೆ ‘ಹೋಲಿಕೆ ಸುಧಾರಣಾ ಕೇಂದ್ರ’ ಎಂಬ ಫಲಕವಿತ್ತು. ಅದನ್ನು ನಡೆಸುವವನು ಅಧಿಕಾರಿಗಳ ಭಾಮೈದ. ಕಚೇರಿಗೂ ಕೇಂದ್ರಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಫಲಕದ ಕೆಳಗೇ ಬರೆಸಿದ್ದರು. ಒಳಗೆ ಕನ್ನಡಿ, ಸಾಲಾಗಿ ವಿಗ್ಗುಗಳು, ಪೌಡರ್ ಡಬ್ಬಿ, ಒಂದು ಬುಟ್ಟಿ ಹತ್ತಿ. ಮೆಕ್ಯಾನಿಕ್‌ನ ತಲೆಗೆ ವಿಗ್ಗು ಕೂರಿಸಿ, ಎರಡೂ ದವಡೆಗೆ ಹತ್ತಿಯುಂಡೆ ತುರುಕಿ, ಮುಖಕ್ಕೆ ಸುಣ್ಣ ಹೊಡೆದ ಹಾಗೆ ಪೌಡರ್ ಬಳಿದರು. ಅವನ ಜೇಬನ್ನು ಚೆನ್ನಾಗಿಯೇ ಬೋಳಿಸಿದರು.

“ನಗಬೇಡಿ, ಉಗುಳಬೇಡಿ, ಮಾತಾಡಬೇಡಿ ಸಾರ್,” ಎಂದ ಭಾಮೈದ. “ಇನ್ನೇನು ಬೇಕಾದ್ರೂ ಆರಾಮಾಗಿ ಮಾಡ್ಕೊಳ್ಳಿ.”

ನಾವು ಹೊರಗೆ ಬರುವುದಕ್ಕೂ ಲಿಫ್ಟ್ ನಿಲ್ಲುವುದಕ್ಕೂ ಸರಿಹೋಯಿತು. ಊಟಕ್ಕೆ ಇಳಿಯುತ್ತಿದ್ದ ಹೋಲಿಕೆ ಅಧಿಕಾರಿಗಳೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದರು. ಒಳಗಿನಿಂದ ಬಾಗಿಲು ಬಡಿಯುತ್ತ, ಮೆಕ್ಯಾನಿಕ್‌ನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ವಿಗ್ಗು, ಹತ್ತಿ ಸಮೇತ ಲಿಫ್ಟಿನ ಮೋಟಾರ್ ಇರುವ ಮೇಲಿನ ಕೋಣೆಗೆ ಓಡಿ, ಕೈಯಿಂದ ಚಕ್ರ ತಿರುಗಿಸಿ ಲಿಫ್ಟನ್ನು ಮೂರನೆಯ ಮಹಡಿಗೆ ಎಳೆದು, ಓಡಿ ಬಂದು ಬಾಗಿಲು ತೆರೆದ. ಬೆವರಿ ತೊಪ್ಪೆಯಾಗಿದ್ದ ಅಧಿಕಾರಿಗಳು ಅವನ ಎರಡೂ ಕೈ ಹಿಡಿದುಕೊಂಡರು.

“ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ಮಾರಾಯ. ಯಾವ ವೇಷದಲ್ಲಿದ್ರೂ ನಿನ್ನ ಗುರುತು ಹಿಡೀತೀನಿ ನಾನು.”

ಆಮೇಲೆ ಮುಖ ತೊಳೆದು, ಊಟ ಮುಗಿಸಿ, ಗಾಜಿನ ಹಿಂದೆ ಕೂತು, ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಅವನನ್ನು ಹೊಸದಾಗಿ ಪರೀಕ್ಷಿಸಿದರು.

“ಕೂದಲು ಸರಿ. ಕೆನ್ನೆ ಸರಿ. ಕಿವಿ ಬೆಳೆದಿದೆ.”

ಬಾಯ್ತುಂಬ ಹತ್ತಿಯಿದ್ದುದರಿಂದ ಅವನ ಪರವಾಗಿ ನಾನು ಹೇಳಿದೆ: “ವಯಸ್ಸಾಗ್ತಾ ಕಿವಿ ಸ್ವಲ್ಪ ಉದ್ದ ಆಗುತ್ತಂತೆ ಸಾರ್.”

“ಹಾಗಂತ ಬಿಟ್ಕೊಡೋಕಾಗುತ್ತೇನ್ರೀ? ಇವತ್ತು ಕಿವಿಗೆ ಬಿಟ್ರೆ ನಾಳೆ ಮೂಗಿಗೂ ಕೇಳ್ತಾರೆ.”

ಕಿವಿ ಚಿಕ್ಕದು ಮಾಡುವ ಸೌಲಭ್ಯ ಭಾಮೈದನ ಕೇಂದ್ರದಲ್ಲಿ ಸದ್ಯಕ್ಕೆ ಇರಲಿಲ್ಲ. ಶೀಘ್ರದಲ್ಲಿ ಪ್ರಾರಂಭವಾಗಲಿದೆ ಎಂದು ತಿಳಿಸಿದರು.

ಅವತ್ತೇ ನನ್ನ ಮೇಜಿನ ಪಕ್ಕದಲ್ಲಿ ಅವನು ಕೂತಿದ್ದಾಗ ಅಕ್ಕನ ಫೋನ್ ಬಂತು. ಸ್ಪೀಕರಿನಲ್ಲಿ ನನಗೂ ಕೇಳಿಸಿತು. “ಈ ತಿಂಗಳು ದಾಟಿದ್ರೆ ನಾನು ಕೈ ಹಾಕಲ್ಲ ಅಂದ್ರು ಕಣೋ ಡಾಕ್ಟ್ರು. ಅಮ್ಮ ಜಪ್ಪಯ್ಯ ಅಂದ್ರೂ ಕೇಳ್ತಿಲ್ಲ. ಮುಂದಿಟ್ಟ ತಟ್ಟೆ ತಡಕಾಡ್ತಾಳೆ, ನಿನ್ನೇ ಕರೀತಾಳೆ. ನೀನು ಬರ್ತೀಯೋ ಇಲ್ವೋ ಒಂದು ಮಾತು ಹೇಳಿಬಿಡು.” ಅವನು ವಿಗ್ಗು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಗಿರಾಕಿಗಳ ಕಣ್ಣೀರು ನನಗೆ ಅಭ್ಯಾಸವಾಗಿಹೋಗಿದೆ ಎಂದುಕೊಂಡಿದ್ದೆ. ಆಗಿರಲಿಲ್ಲ.

ಮುಂದಿನ ವಾರ ಮತ್ತೆ ಹೋದೆವು. ಲಿಫ್ಟಿನ ಮೋಟಾರ್ ಬದಲಿಸುವ ಕೆಲಸವೂ ಅವತ್ತೇ ಇದ್ದುದರಿಂದ, ಸಾಮಾನು ಹೊರಲು ಮೆಕ್ಯಾನಿಕ್ ತನ್ನ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಬಂದಿದ್ದ. ಅದೇ ನಗರದಲ್ಲಿ ಕಾರು ತೊಳೆಯುವ ಕೆಲಸದಲ್ಲಿದ್ದವನು ಅವನು, ಅಣ್ಣನಿಗಿಂತ ಬಹಳ ಚಿಕ್ಕವನು. ಮನೆತನದ ಮೂಗು, ಮನೆತನದ ಕೆನ್ನೆ, ತಲೆ ತುಂಬ ಕೂದಲು.

ಅವನನ್ನು ಕಂಡದ್ದೇ ಹೋಲಿಕೆ ಅಧಿಕಾರಿಗಳು ಎದ್ದು ನಿಂತರು. ಸಾರ್ವಜನಿಕರೊಬ್ಬರನ್ನು ನೋಡಿ ಅವರು ಎದ್ದು ನಿಂತದ್ದು ಆ ಕಚೇರಿಯ ಚರಿತ್ರೆಯಲ್ಲೇ ಇಲ್ಲ.

“ಇಷ್ಟು ದಿನ ಎಲ್ಲಿದ್ರಿ ನೀವು? ನಿಮ್ಮ ಅರ್ಜಿ ಇಲ್ಲಿ ಕೊಳೀತಾ ಬಿದ್ದಿದೆ.”

“ನಂದಲ್ಲ ಸಾರ್, ಅಣ್ಣಂದು,” ಎಂದ ಅವನು, ಹೆಗಲ ಮೇಲಿನ ಚೀಲ ಇಳಿಸದೆ.

“ಅಣ್ಣನೋ ತಮ್ಮನೋ, ಅದು ನಿಮ್ಮ ಮನೆ ವಿಷಯ. ಕಚೇರಿ ಕೇಳೋದು ಹೋಲಿಕೆ.” ಗಾಜಿಗೆ ಭೂತಗನ್ನಡಿ ಒತ್ತಿ ನೋಡಿದರು. “ಕಿವಿ ಅಂದ್ರೆ ಇದು ನೋಡ್ರೀ. ಚಿನ್ನದಂಥ ಕಿವಿ.”

“ಸಾರ್, ಹಾಗಾದ್ರೆ ನಾನು?” ಎಂದ ಮೆಕ್ಯಾನಿಕ್.

“ನೀನು ಅರ್ಜಿದಾರರ ಜೊತೆ ಬಂದವನು. ಜೊತೆ ಬಂದವ್ರು ಹಳದಿ ಗೆರೆ ಆಚೆ ನಿಲ್ಬೇಕು.”

ಅವನು ಹೋಗಿ ಗೆರೆಯ ಆಚೆ ನಿಂತ. ಪರದೇಶದಲ್ಲಿ ಅಷ್ಟು ವರ್ಷ ದುಡಿದವನಿಗೆ ಗೆರೆ ಕಂಡರೆ ಕಾಲು ತಾನಾಗಿಯೇ ನಿಲ್ಲುತ್ತದೆ.

ತಮ್ಮನು ಹೊಸ ಫೋಟೋ ತೆಗೆಸಿಕೊಂಡ, ತೋರಿಸಿದಲ್ಲಿ ಅಣ್ಣನ ಹೆಸರಿನ ಸಹಿ ಹಾಕಿದ. ಸಹಿ ಹೋಲುತ್ತಿರಲಿಲ್ಲ. ಆದರೆ ಸಹಿ ಬೇರೆ ವಿಭಾಗಕ್ಕೆ ಸೇರಿದ್ದು, ಆ ವಿಭಾಗದವರು ದೀರ್ಘ ರಜೆಯಲ್ಲಿದ್ದರು. ವಾರ ಕಳೆಯುವುದರೊಳಗೆ ಪಾಸ್‌ಪೋರ್ಟ್ ಬಂತು. ಹೆಸರು ಮೆಕ್ಯಾನಿಕ್‌ನದು, ಹುಟ್ಟಿದ ತಾರೀಕು ಅವನದು, ತಾಯಿಯ ಹೆಸರು ಅವನ ತಾಯಿಯದೇ. ಮುಖ ಮಾತ್ರ ತಮ್ಮನದು. ಕಚೇರಿಯಿಂದ ಇಷ್ಟು ಬೇಗ ಕೆಲಸವಾದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮೆಕ್ಯಾನಿಕ್ ಅದನ್ನು ತಿರುವಿ ತಿರುವಿ ನೋಡಿದ. “ಇದನ್ನ ಇಟ್ಕೊಂಡು ನಾನೇನು ಮಾಡ್ಲಿ?”

“ನೀನೇನೂ ಮಾಡೋ ಹಾಗಿಲ್ಲ,” ಎಂದೆ. “ಊರಿಗೆ ಹೋಗಬೇಕಾಗಿರೋದು ನಿನ್ನ ಹೆಸರು, ನಿನ್ನ ಮುಖ. ಎರಡೂ ಹೋಗ್ತವೆ. ನೀನೊಬ್ಬ ಉಳ್ಕೋತೀಯ, ಅಷ್ಟೇ.”

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. “ಅಮ್ಮನ ಕಣ್ಣು ಉಳಿದ್ರೆ ಸಾಕು,” ಎಂದ.

ಒಂದು ತೊಡಕಿತ್ತು. ಕಾರು ತೊಳೆಯುವ ಜಾಗದ ಮಾಲೀಕರು ಕೆಲಸಗಾರರ ಪಾಸ್‌ಪೋರ್ಟುಗಳನ್ನು ಅವರಿಂದ ಕಾಪಾಡುವ ಸಲುವಾಗಿ ತಮ್ಮ ಮೇಜಿನ ಖಾನೆಯಲ್ಲಿ ಬೀಗ ಹಾಕಿ ಇಟ್ಟಿದ್ದರು. ತಮ್ಮನಿಗೆ ರಜೆ ಎಂಬುದೇ ಇರಲಿಲ್ಲ. ವಿಷಯ ಹೇಳಿದಾಗ ಅವರು ಉದಾರವಾಗಿ ಒಪ್ಪಿದರು: ಒಬ್ಬ ಹೋದರೆ ಇನ್ನೊಬ್ಬ ಬಂದು ಪೈಪು ಹಿಡಿಯಬೇಕು, ತಲೆ ಲೆಕ್ಕ ಸರಿಯಿದ್ದರಾಯಿತು. ಹೀಗೆ ಮೆಕ್ಯಾನಿಕ್ ತನ್ನ ಹೆಸರಿನ ರಜೆಯನ್ನು ರಬ್ಬರ್ ಬೂಟು ಹಾಕಿಕೊಂಡು ಕಾರು ತೊಳೆಯುತ್ತ ಕಳೆಯಲು ಶುರು ಮಾಡಿದ. ತಮ್ಮನನ್ನು ಎಲ್ಲರೂ ಕರೆಯುತ್ತಿದ್ದ ಹೆಸರಿನಿಂದಲೇ ಅವನನ್ನೂ ಕರೆದರು. ಎರಡನೆಯ ದಿನದಿಂದ ಅವನೂ ಓಗೊಟ್ಟ.

ಈ ಪ್ರಕರಣ ಕಚೇರಿಗೆ ಬಹಳ ಮೆಚ್ಚುಗೆಯಾಯಿತು. ಈಗ ಗೋಡೆಯ ಮೇಲೆ ಎರಡನೆಯ ಪ್ರಕಟಣೆ ಇದೆ: “ತಮ್ಮ ಹಳೆಯ ಭಾವಚಿತ್ರವನ್ನು ಹೋಲುವ ಸಂಬಂಧಿಕರನ್ನು ಕರೆತರುವವರಿಗೆ ಪ್ರತ್ಯೇಕ ಸಾಲು ಇರುತ್ತದೆ. ಸಂಬಂಧಿಕರಿಲ್ಲದವರು ಕಾರಿಡಾರಿನ ಕೊನೆಯಲ್ಲಿ ವಿಚಾರಿಸಿಕೊಳ್ಳತಕ್ಕದ್ದು.” ಭಾಮೈದ ವಿಗ್ಗುಗಳನ್ನು ತೆಗೆದುಹಾಕಿ, ಕನ್ನಡಿಯ ಮುಂದೆ ಒಂದು ಬೆಂಚು ಹಾಕಿಸಿದ್ದಾನೆ. ಅದರ ಮೇಲೆ ನಾನಾ ಮುಖದ ಎಳೆಯ ಹುಡುಗರು ಬಾಡಿಗೆಗೆ ಕೂತಿರುತ್ತಾರೆ. ಜೊತೆ ಬಂದವರ ಅರ್ಜಿ ಬೇರೆಯಾದ್ದರಿಂದ ನಾನೂ ಈಗ ಒಬ್ಬರಿಗೆ ಎರಡು ಅರ್ಜಿ ತುಂಬುತ್ತೇನೆ. ಯಾರೂ ದೂರು ಕೊಟ್ಟಿಲ್ಲ. ಜನ ಸಾಲು ನಿಂತಿದ್ದಾರೆ, ಬೆಂಚಿನ ಮೇಲಿರುವವರಲ್ಲಿ ತಮ್ಮ ಮುಖ ಹುಡುಕುತ್ತ.

ಊರಿನ ವಿಮಾನ ನಿಲ್ದಾಣದಲ್ಲಿ ಅಕ್ಕ ಮೆಕ್ಯಾನಿಕ್‌ನ ಬದಲು ಚಿಕ್ಕಪ್ಪನ ಮಗ ಇಳಿದದ್ದನ್ನು ನೋಡಿ ಮೊದಲು ರೇಗಿದರಂತೆ. ಪಾಸ್‌ಪೋರ್ಟ್ ತೋರಿಸಿದ ಮೇಲೆ ಸುಮ್ಮನಾದರು. ತಾಯಿ ಅವನ ತಲೆ ಸವರಿ, ದಟ್ಟ ಕೂದಲು ಕೈಗೆ ಸಿಕ್ಕ ಮೇಲೆ ಆಪರೇಷನ್ನಿಗೆ ಒಪ್ಪಿದರು.

ಪಟ್ಟಿ ಬಿಚ್ಚುವ ದಿನ ನಾನು ಕಾರು ತೊಳೆಯುವಲ್ಲಿಗೆ ಹೋಗಿದ್ದೆ. ಅಕ್ಕ ಆಸ್ಪತ್ರೆಯಿಂದ ವಿಡಿಯೋ ಕಾಲ್ ಮಾಡಿದ್ದರು. ಮೆಕ್ಯಾನಿಕ್ ಸೋಪಿನ ಕೈಯಲ್ಲೇ ಫೋನ್ ಹಿಡಿದು ನಿಂತಿದ್ದ. ತಾಯಿ ಕಣ್ಣು ಪಿಳಿಪಿಳಿಸಿ, ಮಂಚದ ಪಕ್ಕ ಕೂತಿದ್ದವನ ಮುಖವನ್ನು ತುಂಬ ಹೊತ್ತು ನೋಡಿದರು. ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು.

“ಒಂಚೂರೂ ಬದಲಾಗಿಲ್ಲ ನೋಡೇ. ಹೋದಾಗ ಹೇಗಿದ್ನೋ ಹಾಗೇ ಇದ್ದಾನೆ ನನ್ನ ಮಗ. ಫೋನಲ್ಲಿ ಮಾತ್ರ ಯಾರೋ ಮುದುಕ ಮಾತಾಡಿದ ಹಾಗೆ ಕೇಳ್ತಿತ್ತು. ಇವನನ್ನ ಇನ್ನು ಕಳಿಸಲ್ಲ ನಾನು.”

ಆಮೇಲೆ ಅವರ ಕಣ್ಣು ಅಕ್ಕನ ಕೈಯಲ್ಲಿದ್ದ ಫೋನಿನ ಕಡೆ ತಿರುಗಿತು.

“ಇದ್ಯಾರೇ?”

ಚಿತ್ರ ಅಲುಗಾಡಿತು. ತಾಯಿಯ ಕಣ್ಣಲ್ಲಿ ನೀರು ಬರಕೂಡದು ಎಂದು ಡಾಕ್ಟರು ಅಪ್ಪಣೆ ಮಾಡಿದ್ದರು. “ಅವನ ಜೊತೆ ಕೆಲಸ ಮಾಡೋರಮ್ಮಾ,” ಎಂದರು ಅಕ್ಕ.

“ಪಾಪ, ವಯಸ್ಸಾಗಿದೆ. ಇನ್ನೂ ದುಡೀತಿದ್ದಾರಲ್ಲ. ಮನೆಯವ್ರು ಕರೆಸ್ಕೊಳ್ಳಲ್ವಂತಾ?”

ಮೆಕ್ಯಾನಿಕ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

“ನಮಸ್ಕಾರ ಅಮ್ಮಾ. ಚೆನ್ನಾಗಿದ್ದೀರಾ?”

“ಚೆನ್ನಾಗಿದ್ದೀನಪ್ಪಾ,” ಎಂದರು ತಾಯಿ, ಅವನನ್ನೇ ನೋಡುತ್ತ. “ಈಗ ಎಲ್ಲಾ ಸ್ಪಷ್ಟವಾಗಿ ಕಾಣ್ತಿದೆ.”