ಶನಿವಾರ ಕೀಳಲಾಗದ ಬೋರ್ಡು

ನಮ್ಮ ಪಕ್ಕದ ಮನೆಯ ಮುದುಕ ವಾರದಲ್ಲಿ ಆರು ದಿನ ಯಾರಿಗೂ ಸೋಲುವವನಲ್ಲ. ಏಳನೆಯ ದಿನ ಒಂದು ದೀಪದ ಸ್ವಿಚ್ಚು ಅವನನ್ನು ಸೋಲಿಸುತ್ತದೆ! ಯೆಹೂದಿ ಮನುಷ್ಯ. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಮೂರು ನಕ್ಷತ್ರ ಕಾಣುವವರೆಗೆ ದೀಪ ಹಚ್ಚುವಂತಿಲ್ಲ, ಕಾರು ಓಡಿಸುವಂತಿಲ್ಲ, ಫೋನ್ ಮುಟ್ಟುವಂತಿಲ್ಲ. ನಾನು ಚನ್ನಪಟ್ಟಣದವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈಗ ಅಮೆರಿಕದ ಸೌತ್‌ಫೀಲ್ಡ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಅವರೂ ಹಂದಿ ತಿನ್ನುವುದಿಲ್ಲ, ನಾವೂ ತಿನ್ನುವುದಿಲ್ಲ. ನೆರೆಹೊರೆಗೆ ಇನ್ನೇನು ಬೇಕು? ಮೊಮ್ಮಕ್ಕಳು ಕರೆಯುವುದನ್ನು ಕೇಳಿ ಅವನೂ ನನ್ನನ್ನು ನಾನಿ ಎನ್ನುತ್ತಾನೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು!

ಒಂದು ಶನಿವಾರ ಬಾಗಿಲಿಗೆ ಬಂದು, ತನ್ನ ಅಡುಗೆಮನೆ ಬಹಳ ಕತ್ತಲಾಗಿದೆ ಎಂದ. ಪಾಪ ಎಂದೆ. ಹೋಗಲಿಲ್ಲ. ತನಗೆ ಮಂಡಿನೋವು, ಎಡವಿದರೆ ಕಷ್ಟ ಎಂದ. ಮುಲಾಮು ತಂದುಕೊಟ್ಟೆ. ಆಗಲೂ ಹೋಗಲಿಲ್ಲ. ಕೊನೆಗೆ ಮೊಮ್ಮಗಳು ಬಿಡಿಸಿ ಹೇಳಿದಳು: ದೀಪ ಹಾಕಿ ಎಂದು ಬೇರೆಯವರನ್ನು ಕೇಳುವಂತಿಲ್ಲವಂತೆ, ನಾವೇ ತಿಳಿದುಕೊಂಡು ಹಾಕಬೇಕಂತೆ. ದೇವರ ಕಿವಿ ತಪ್ಪಿಸಿ ನೆರೆಯವಳ ಕಿವಿಗೆ ಹಾಕುವ ಜಾಣತನ ನೋಡಿ!

ಹೆಂಡತಿ ತೀರಿಕೊಂಡ ಮೇಲೆ ಶುಕ್ರವಾರದ ಊಟಕ್ಕೆ ಅವನ ಜೊತೆ ಕೂರುತ್ತಿದ್ದವನು ಮಗನೊಬ್ಬನೇ. ಅಷ್ಟರಲ್ಲಿ ಅಧ್ಯಕ್ಷರ ಚುನಾವಣೆ ಬಂತು. ನ್ಯೂಯಾರ್ಕಿನ ಗೋಪುರಗಳು ಉರುಳಿ ಮೂರು ವರ್ಷವಾಗಿತ್ತು. ಇಲ್ಲಿ ದೊಡ್ಡ ಪಕ್ಷ ಎರಡೇ, ಒಂದರ ಗುರುತು ಕತ್ತೆ, ಇನ್ನೊಂದರದು ಆನೆ. ಮುದುಕ ಮೊದಲಿನಿಂದ ಕತ್ತೆಯ ಕಡೆ. ಮಗ ಆ ವರ್ಷ ಆನೆ ಹತ್ತಿದ. ಇಬ್ಬರೂ ಒಂದೇ ಧರ್ಮಗ್ರಂಥ ಬಿಚ್ಚಿ ಕೂತರು! ಪರದೇಶಿಯನ್ನು ನಿನ್ನವನಂತೆ ಕಾಣು ಎಂದಿದೆ, ಅದಕ್ಕೇ ನನ್ನ ವೋಟು ಎಂದು ಅಪ್ಪ. ಜೀವ ಉಳಿಸುವುದು ಎಲ್ಲಕ್ಕಿಂತ ಮೊದಲು, ಅದಕ್ಕೇ ನನ್ನ ವೋಟು ಎಂದು ಮಗ. ಒಂದು ಶುಕ್ರವಾರ ಅಪ್ಪ ಕಿಟಕಿಯಿಂದ ನಮ್ಮ ಮನೆಯತ್ತ ಕೈ ತೋರಿಸಿ, ಪರದೇಶಿ ಎಂದರೆ ಆ ನಾನಿ ಎಂದ.

"ಅವ್ರೆಲ್ಲಾ ಯಾರು ಅಂತ ನಿನಗೇನಪ್ಪಾ ಗೊತ್ತು?" ಎಂದ ಮಗ.

ಬೇಲಿಯ ಪಕ್ಕ ಪುದೀನ ಕೀಳುತ್ತಿದ್ದೆ. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ಅಪ್ಪ ಮಗನನ್ನು ಊಟದ ಮೇಜಿನಿಂದ ಎಬ್ಬಿಸಿ ಕಳಿಸಿದ. ಆಮೇಲೆ ಎಂಟು ಶುಕ್ರವಾರ ಅವನ ಕಾರು ಬರಲಿಲ್ಲ. ಮುದುಕ ಮಾತ್ರ ಪ್ರತಿ ಶುಕ್ರವಾರ ಕತ್ತಲಾಗುವವರೆಗೂ ಬಾಗಿಲಲ್ಲಿ ನಿಂತು, ಹವಾ ನೋಡುತ್ತಿದ್ದೇನೆ ಎನ್ನುತ್ತಿದ್ದ.

ಒಂಬತ್ತನೆಯ ಶನಿವಾರ ಬೆಳಿಗ್ಗೆ ಅವನ ಮನೆ ಮುಂದಿನ ಹುಲ್ಲಿನ ನಟ್ಟನಡುವೆ ಆನೆ ಪಕ್ಷದ ಬೋರ್ಡು! ಕೀಳೋಣವೆಂದರೆ ಶನಿವಾರ. ನೇರ ನಮ್ಮ ಬಾಗಿಲಿಗೆ ಬಂದ.

"ನಾನಿ, ನನ್ನ ಹುಲ್ಲಲ್ಲಿ ಒಂದು ಬೋರ್ಡು ಬೆಳೆದುಬಿಟ್ಟಿದೆ."

"ಮೊನ್ನೆ ಮಳೆ ಬಂತಲ್ಲ, ಭಾಯಿ."

"ಪ್ರಾರ್ಥನೆಗೆ ನಡ್ಕೊಂಡು ಹೋಗೋರೆಲ್ಲಾ ನೋಡ್ತಾರೆ."

"ನೋಡ್ಲಿ. ಕಣ್ಣಿರೋದು ಅದಕ್ಕೇ."

ಅರ್ಥವಾಗದೆ ಅಲ್ಲ. ಆ ವರ್ಷ ತಲೆಗೆ ಸೆರಗು ಹೊದ್ದ ಮುದುಕಿ ಹಾಡಹಗಲೇ ಚುನಾವಣೆಯ ಬೋರ್ಡು ಕಿತ್ತರೆ, ಪೊಲೀಸರು ಬಂದು ಮಾತಾಡಿಸುವುದು ನನ್ನ ಅಳಿಯನನ್ನು. ಅವನ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. ಇನ್ನೊಂದು ಮಾತು, ಅದನ್ನು ನೆಟ್ಟ ಕೈ ಯಾರದೆಂದು ನಾನು ನೋಡಿದ್ದೆ.

ಹೇಳುವುದೋ ಬೇಡವೋ? ನಮ್ಮನ್ನು ಯಾರೆಂದು ಕೇಳಿದವನ ಸುದ್ದಿ ನನಗೇಕೆ! ಇಡೀ ದಿನ ಕೈಗೆ ಕೆಲಸ ಹತ್ತಲಿಲ್ಲ. ಮುದುಕ ಕುರ್ಚಿ ಹಾಕಿಕೊಂಡು ಬೋರ್ಡನ್ನೇ ನೋಡುತ್ತ, ರಸ್ತೆಯಲ್ಲಿ ಹೋಗುವ ಒಬ್ಬೊಬ್ಬರನ್ನೂ ದುರುಗುಟ್ಟುತ್ತ ಕೂತಿದ್ದ. ಮೂರನೆಯ ನಕ್ಷತ್ರ ಕಂಡದ್ದೇ ತಡ, ಎದ್ದು ಎರಡೂ ಕೈಯಲ್ಲಿ ಅದನ್ನು ಹಿಡಿದ. ನಾನು ಚಪ್ಪಲಿ ಕೂಡ ಹಾಕದೆ ಹೊರಗೆ ಹೋದೆ.

"ಭಾಯಿ, ನಿನ್ನೆ ಕತ್ತಲಾಗಿ ನೀವು ಒಳಗೆ ಹೋದ ಮೇಲೆ ನಿಮ್ಮ ಮಗ ಬಂದು ನೆಟ್ಟಿದ್ದು."

ಅವನ ಕೈ ನಿಂತಿತು. ಬಾಗಿಲವರೆಗೆ ಬಂದನೇ ಎಂದು ಕೇಳಿದ. ಬಂದ, ಬೆಲ್ ಹತ್ತಿರ ಕೈಯೂ ಎತ್ತಿದ, ಒತ್ತಲಿಲ್ಲ, ಸ್ವಲ್ಪ ಹೊತ್ತು ನಿಂತು ಹೋದ ಎಂದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ನನಗೇನು ನಷ್ಟ?

ಮುದುಕ ಬೋರ್ಡಿನಿಂದ ಕೈ ತೆಗೆದ.

"ಜಾಕೆಟ್ ಹಾಕಿದ್ನಾ, ನಾನಿ?"

ಹಾಕಿರಲಿಲ್ಲ ಎಂದೆ.

ಅವನು ಸಡಿಲವಾಗಿದ್ದ ಬೋರ್ಡಿನ ಸುತ್ತ ಬೂಟಿನಿಂದ ಮಣ್ಣು ಒತ್ತಿ ಗಟ್ಟಿ ಮಾಡಿ ಒಳಗೆ ಹೋದ. ನಾನು ಇನ್ನೂ ಅಂಗಳ ದಾಟಿರಲಿಲ್ಲ, ಅವನು ಫೋನಿನಲ್ಲಿ ಕೂಗುವುದು ಕೇಳಿಸಿತು: ಮೂವತ್ತೆಂಟು ಡಿಗ್ರಿ (ನಮ್ಮೂರ ಲೆಕ್ಕದಲ್ಲಿ ಬರೀ ಮೂರು) ಚಳಿಯಲ್ಲಿ ಜಾಕೆಟ್ ಇಲ್ಲದೆ ಯಾವನಾದರೂ ಮನೆಯಿಂದ ಹೊರಡುತ್ತಾನೆಯೇ ಎಂದು ನಲವತ್ತು ದಾಟಿದ ಮಗನನ್ನು ಬಯ್ಯುತ್ತಿದ್ದ. ಅಪ್ಪ ಮಗನ ಮಾತು, ನಾನೇಕೆ ಕೇಳಲಿ? ನಾನು ಬೇಗ ಬೇಗ ಮನೆಯೊಳಗೆ ಬಂದುಬಿಟ್ಟೆ.