ಸ್ಪೇನ್ ಆಟಗಾರನ ದರ್ಶನಕ್ಕೆ ಹೋದದ್ದು

ನಿಧಾನಸ್ಥ ಎಂದು ಊರಿನ ಮೇಷ್ಟ್ರು ನನ್ನನ್ನು ಹೊಗಳುತ್ತಿದ್ದರು. ಆದರೆ ನಿಧಾನವಾಗಿ ನಡೆಯುವವನ ಕಾಲಿಗೇ ಎಡವಟ್ಟುಗಳು ತೊಡರಿಕೊಳ್ಳುತ್ತವೆ. ಮ್ಯಾಂಚೆಸ್ಟರಿಗೆ ಬಂದು ಇಷ್ಟು ವರ್ಷವಾದರೂ ಅವು ನನ್ನ ಮನೆಯ ದಾರಿ ಮರೆತಿಲ್ಲ.

ನಿವೃತ್ತಿ

ಆ ವಾರವಿಡೀ ನನ್ನ ಹತ್ತು ವರ್ಷದ ಮಗಳು ನಿಂತಲ್ಲಿ ನಿಲ್ಲಲಿಲ್ಲ. ಒಂದು ಕಾಲಕ್ಕೆ ಇಲ್ಲಿನ ತಂಡಕ್ಕೆ ಗೋಲು ಹೊಡೆದು ಮನೆಮಾತಾಗಿದ್ದ ಸ್ಪೇನಿನ ಫಾರ್ವರ್ಡ್ ಆಟಗಾರ, ಈಗ ನಿವೃತ್ತ, ಶನಿವಾರ ಅಂಗಡಿಯೊಂದಕ್ಕೆ ಬಂದು ಫುಟ್‌ಬಾಲುಗಳಿಗೆ ಸಹಿ ಹಾಕುತ್ತಾನಂತೆ. ಆ ಸಹಿಯನ್ನು ಸೋಮವಾರ ಶಾಲೆಯಲ್ಲಿ ತೋರಿಸಲೇಬೇಕು. ಗೆಳತಿಯರಿಗೆಲ್ಲ ಮಾತು ಕೊಟ್ಟಾಗಿದೆ.

"ನಿವೃತ್ತರಾ? ಪಾಪ, ಮೆಟ್ಟಿಲು ಹತ್ತೋಕಾಗುತ್ತೋ ಇಲ್ಲವೋ. ಒಂದು ಶಾಲು ಹೊದಿಸೋಣ," ಎಂದೆ.

"ಅಪ್ಪಾ, ಹೀ ಈಸ್ ಥರ್ಟಿ ಸೆವೆನ್!"

ನನಗೆ ನಲವತ್ತಾರು. ಗೋದಾಮಿನ ಹೊಸ ಕೆಲಸದಲ್ಲಿ ನನ್ನ ಪ್ರೊಬೇಷನ್ನೇ ಮುಗಿದಿಲ್ಲ.

ಸಾಲು

ಅಂಗಡಿಯ ಮುಂದಿನ ಸಾಲು ರಸ್ತೆಯ ತಿರುವು ದಾಟಿತ್ತು. ನಮ್ಮ ಮುಂದಿದ್ದ ದಢೂತಿ ಮನುಷ್ಯನ ಮೀನಖಂಡದ ಮೇಲೆ ಆಟಗಾರನ ಮುಖದ್ದೇ ಹಚ್ಚೆ. "ಆತನ ಕೊನೇ ಗಳಿಗೆಯ ಗೋಲು ನೋಡಿ ನಮ್ಮಪ್ಪ ಅತ್ತುಬಿಟ್ಟ. ಅಜ್ಜಿ ಸತ್ತಾಗಲೂ ಅತ್ತಿರಲಿಲ್ಲ," ಎಂದ.

ಇಷ್ಟು ಭಕ್ತಿ ಕಂಡ ಮೇಲೆ ಬಾಗಿಲ ಬಳಿ ನನ್ನ ಕಾಲು ತಾನಾಗಿಯೇ ಬೂಟು ಬಿಟ್ಟಿತು. ಹಿಂದಿದ್ದ ಇಂಗ್ಲಿಷ್ ದಂಪತಿ ಮುಖ ಮುಖ ನೋಡಿಕೊಂಡರು. "ಹಾಗೇನೋ ನಿಯಮ ಇರಬೇಕು," ಎಂದು ಹೆಂಗಸು ಪಿಸುಗುಟ್ಟಿದಳು. ಅವರೂ ಕಳಚಿದರು, ಅವರ ಹಿಂದಿನವರೂ ಕಳಚಿದರು. ಇನ್ನು ಬೂಟು ಕಾಯಲು ಒಬ್ಬನನ್ನು ಕೂರಿಸುವುದೊಂದೇ ಬಾಕಿ.

ಪ್ರಸಾದ

ಆಟಗಾರ ಹಸನ್ಮುಖಿ. ಮಗಳ ಹೆಸರು ಕೇಳಿ, ಚೆಂಡಿನ ಮೇಲೆ ದಪ್ಪ ಮಾರ್ಕರಿನಲ್ಲಿ ಸಹಿ ಮಾಡಿ ನನ್ನ ಕೈಗಿಟ್ಟ. ವಯಸ್ಸಿನಲ್ಲಿ ಚಿಕ್ಕವನಾದರೇನು, ಸಾಧಕರು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳಬೇಕು. ಒತ್ತಿಕೊಂಡೆ, ಹಣೆಗೂ, ಭಕ್ತಿಯಿಂದ, ಗಟ್ಟಿಯಾಗಿ.

ಶಾಯಿ ಒಣಗಿರಲಿಲ್ಲ.

ಚೆಂಡಿನ ಮೇಲೆ ಉಳಿದದ್ದು ಬರೀ ಮಸಿ. ಮಗಳು ಚೆಂಡನ್ನು ಕಿತ್ತುಕೊಂಡು ತಿರುಗಿಸಿ ತಿರುಗಿಸಿ ಸಹಿ ಹುಡುಕಿದಳು. ಆಟಗಾರ ಮತ್ತೆ ಪೆನ್ನು ಎತ್ತುವಷ್ಟರಲ್ಲಿ ಕಾವಲಿನವನು "ಒಬ್ಬರಿಗೆ ಒಂದೇ" ಎಂದು ನಮ್ಮನ್ನು ಸರಿಸಿಬಿಟ್ಟ. ಹಿಂದಿನಿಂದ ಆಟಗಾರ ಕೂಗಿ ಹೇಳಿದ: "ಸರ್, ತಲೆಯಿಂದ ನಾನೂ ಬೇಕಾದಷ್ಟು ಗೋಲು ಹೊಡೆದಿದ್ದೇನೆ. ಇಂಥ ಹೆಡರ್ ಮಾತ್ರ ನೋಡಿರಲಿಲ್ಲ!"

ಕಂಠಸ್ನಾನ

ಕಾರಿನಲ್ಲಿ ಬಿಕ್ಕುತ್ತಿದ್ದ ಮಗಳು ಥಟ್ಟನೆ ಸುಮ್ಮನಾದಳು. ನನ್ನ ಹಣೆಯ ಮೇಲೆ ತಿರುಗುಮುರುಗಾಗಿ ಅಂಟಿದ್ದ ಸಹಿ ಕಾರಿನ ಕನ್ನಡಿಯಲ್ಲಿ ನೆಟ್ಟಗೆ ಕಾಣುತ್ತಿತ್ತು.

"ಅಪ್ಪಾ, ಮಂಡೇವರೆಗೂ ಡೋಂಟ್ ವಾಶ್! ಪ್ಲೀಸ್!"

ಮಾರನೇ ದಿನ ಏಕಾದಶಿ. ತಲೆಗೆ ನೀರು ಬೀಳದೆ ದೇವರ ಮುಂದೆ ಹೇಗೆ ಕೂರಲಿ? ಕೂತೆ, ಎದ್ದೆ, ಬಚ್ಚಲಿಗೆ ಹೋದೆ, ಬಂದೆ. ಮಗಳು ನಲ್ಲಿಗೇ ಕಾವಲು. ಕೊನೆಗೆ ಕತ್ತಿನವರೆಗೆ ಕಂಠಸ್ನಾನ ಮಾಡಿ, ಹಣೆಯ ಗಂಧವನ್ನು ಕೊರಳಿಗೆ ಹಚ್ಚಿಕೊಂಡು ಪೂಜೆ ಮುಗಿಸಿದೆ.

ಸೋಮವಾರ ಶಾಲೆಯ ಗೇಟಿನಲ್ಲಿ ನಾನು ಕಂಬದಂತೆ ನಿಂತೆ. ಗೆಳತಿಯರು ಒಬ್ಬೊಬ್ಬರಾಗಿ ಕೈಗನ್ನಡಿ ಹಿಡಿದು ಓದಿ, "ರಿಯಲ್!" ಎಂದು ಕಿರುಚಿದರು. ಮಗಳ ಕಾಲು ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಬಂದಳು. ಅವಳು ಡಾಕ್ಟರು, ವಾರಾಂತ್ಯವಿಡೀ ಆಸ್ಪತ್ರೆಯಲ್ಲೇ ಇದ್ದು, ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಿದ್ದಳು. ನನ್ನ ಹಣೆ ನೋಡಿದಳು, ಕನ್ನಡಿಯಲ್ಲೂ ನೋಡಿದಳು.

"ರೀ, ಮದುವೆಗೆ ಮುಂಚೆ ಜೋಯಿಸರು ನಿಮ್ಮ ಹಣೆಬರಹ ಚೆನ್ನಾಗಿದೆ ಅಂತ ಮಾತ್ರ ಅಂದ್ರು. ಉಲ್ಟಾ ಬರೆದಿದೆ ಅಂತ ಹೇಳಲೇ ಇಲ್ಲ!"