ಮಧುಸೂದನನ ಹಳೇ ಮುಖಕ್ಕೆ ಪೂರ್ಣ ಹಾಜರಿ

ಕುರುಗೋಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಮುಖ ತೋರಿಸಿದರೆ ಮಾತ್ರ ಹಾಜರಿ ಬೀಳುತ್ತದೆ. ಕೆಲಸ ತೋರಿಸಬೇಕೆಂಬ ನಿಯಮ ಇನ್ನೂ ಬಂದಿಲ್ಲ. ಬಾಗಿಲಲ್ಲಿರುವ ಯಂತ್ರವು ಎಲ್ಲ ನೌಕರರ ಮುಖವನ್ನು ಮೂರು ವರ್ಷದ ಹಿಂದೆಯೇ, ಮೇ ತಿಂಗಳ ಬಿಸಿಲಲ್ಲಿ, ಹಿಡಿದಿಟ್ಟುಕೊಂಡಿದೆ.

ಅಲ್ಲಿನ ಗುಮಾಸ್ತ ಮಧುಸೂದನನಿಗೆ ಮೂವತ್ತಾರು ವರ್ಷ. ಸಿರುಗುಪ್ಪದ ಹುಡುಗಿ ಸುಪ್ರಜಾಳ ಕಡೆಯವರು ಶುಕ್ರವಾರ ಅವನನ್ನು ನೋಡಲು, ಸರ್ಕಾರಿ ನೌಕರಿ ಖರೇನಾ ಎಂದು ವಿಚಾರಿಸಲು, ನೇರ ಕಚೇರಿಗೇ ಬರುವವರಿದ್ದರು. ಇದು ಅವನಿಗೆ ಒಂಬತ್ತನೇ ಸಂಬಂಧ. ಆದ್ದರಿಂದ ಬಳ್ಳಾರಿಯ ಪಾರ್ವತಿನಗರಕ್ಕೆ ಹೋಗಿ, ಮುಖ ಬೆಳ್ಳಗಾಗಲೆಂದು ಕೆಮಿಕಲ್ ಪೀಲ್ ಮಾಡಿಸಿಕೊಂಡ. ಡಾಕ್ಟರಮ್ಮ ಹಚ್ಚಿದ ದ್ರಾವಣಕ್ಕೆ ಹಳೇ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದು, ಹದಿನಾಲ್ಕು ವರ್ಷ ಬೈಕಿನಲ್ಲಿ ಓಡಾಡಿ ಗಳಿಸಿದ ಅದಿರಿನ ಧೂಳನ್ನೂ ಕರೆದುಕೊಂಡು ಹೋಯಿತು.

"ಎರಡು ವಾರ ಹಣಿ ಮ್ಯಾಲೆ ಏನೂ ಹಚ್ಚಬ್ಯಾಡ್ರಿ," ಎಂದಿದ್ದರು ಡಾಕ್ಟರಮ್ಮ. ತಾಯಿ ಇಂದಿರಾಬಾಯಿ ಮೂರು ದಿನ ಮಾತು ಬಿಟ್ಟರೂ, ಮಧುಸೂದನ ಹಣೆಯ ಅಂಗಾರ-ಅಕ್ಷತೆ, ಗೋಪಿಚಂದನದ ಮುದ್ರೆ ಎಲ್ಲವನ್ನೂ ಬಿಟ್ಟ.

ರಜೆ ಮುಗಿಸಿ ಬಂದ ಗುರುವಾರ ಯಂತ್ರ ಅವನನ್ನು ನೋಡಿ ಕೆಂಪು ದೀಪ ಹಚ್ಚಿ, "ಅಪರಿಚಿತ ವ್ಯಕ್ತಿ" ಎಂದಿತು.

"ಲೇ ದುರ್ಗೇಶ್, ನಾ ಯಾರಂತ ಸಾಹೇಬ್ರಿಗೆ ಹೇಳೋ," ಎಂದು ಮಧುಸೂದನ ಪಕ್ಕದ ಕುರ್ಚಿಯವನ ಕೈ ಹಿಡಿದ.

"ನೀ ನನ್ನ ಗೆಳೆಯ ಖರೆ," ಎಂದ ದುರ್ಗೇಶ್. "ಆದ್ರ ಯಂತ್ರ ಒಲ್ಲೆ ಅಂದಮ್ಯಾಲೆ ನನ್ನ ಕಣ್ಣು ಯಾವ ಲೆಕ್ಕಲೇ?"

ಸಾಹೇಬರಾದ ಶಶಿಕಾಂತ್ ಹತ್ತೇ ನಿಮಿಷದಲ್ಲಿ ಸುತ್ತೋಲೆ ಹೊರಡಿಸಿದರು:

"ಪೂರ್ವಾನುಮತಿ ಇಲ್ಲದೆ ಚರ್ಮ ಬಿಡುವುದು ಕರ್ತವ್ಯಲೋಪ. ನೌಕರಿಯು ಯಂತ್ರದಲ್ಲಿರುವ ಮುಖಕ್ಕೆ ಸೇರಿದ್ದು. ಸದರಿ ಮುಖವನ್ನು ನಾಳೆಯೊಳಗೆ ಹಾಜರುಪಡಿಸತಕ್ಕದ್ದು."

ಆಮೇಲೆ ಕನಿಕರದಿಂದ, "ಸಿಪ್ಪಿ ಇದ್ರ ತಗೊಂಬರ್ರಿ, ನೋಡೋಣು," ಎಂದರು.

"ಅಮ್ಮ ಗುಡಿಸಿ ಹಾಕಿಬಿಟ್ಟಾಳ್ರಿ, ಸಾರ್."

ಶುಕ್ರವಾರ ಬೆಳಿಗ್ಗೆ ದುರ್ಗೇಶ್ ಕಚೇರಿಯಲ್ಲಿದ್ದ ಮಧುಸೂದನನ ಹಳೇ ಫೋಟೋವನ್ನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ದೊಡ್ಡದು ಮಾಡಿಸಿ, ರಟ್ಟಿಗೆ ಅಂಟಿಸಿ ತಂದ. ಯಂತ್ರ ಹಸಿರಾಗಿ, "ಸ್ವಾಗತ, ಮಧುಸೂದನ" ಎಂದಿತು. ನಿಯಮದಂತೆ ರಟ್ಟನ್ನು ಕುರ್ಚಿಯಲ್ಲಿ ಕೂರಿಸಲಾಯಿತು. ಅರ್ಜಿ ಹಿಡಿದು ಬಂದವರಿಗೆ ಅದು ಏನೂ ಹೇಳಲಿಲ್ಲ. ಅವರೂ ವಾಡಿಕೆಯಂತೆ ಸೋಮವಾರ ಬರುತ್ತೇವೆಂದು ಹೋದರು.

ಮಧ್ಯಾಹ್ನ ಸುಪ್ರಜಾ ತನ್ನ ಸೋದರಮಾವ ಸುಜಯೀಂದ್ರನ ಜೊತೆ ಬಂದಳು.

"ಹುಡುಗ ಯಾರ್ರಿ?" ಎಂದ ಮಾವ.

"ನೌಕರಿ ಇರಾಂವ ಕುರ್ಚಿ ಮ್ಯಾಲೆ ಅದಾನ್ರಿ. ಬಣ್ಣ ಇರಾಂವ ಬೆಂಚಿನ ಮ್ಯಾಲೆ," ಎಂದ ದುರ್ಗೇಶ್.

ಸುಜಯೀಂದ್ರ ಕುರ್ಚಿಯ ಕಡೆ ತಿರುಗಿ ಗೋತ್ರ ಕೇಳಿದ. ರಟ್ಟು ಸುಮ್ಮನಿತ್ತು. "ಹುಡುಗ ಭಾಳ ಗಂಭೀರ. ಮುದ್ರಿನೂ ಹಚ್ಯಾನ. ಇವನೇ ಇರ್ಲಿ," ಎಂದ. ಬೆಂಚಿನ ಮೇಲಿದ್ದ ಮಧುಸೂದನ ತನ್ನ ಹೊಸ ಮುಖವನ್ನು ಸ್ವಲ್ಪ ಮುಂದೆ ಚಾಚಿದ.

ಸುಪ್ರಜಾ ಇಬ್ಬರನ್ನೂ ಸಾವಕಾಶ ನೋಡಿದಳು.

"ಇಬ್ರೂ ಇರ್ಲಿ, ಮಾಮಾ. ಅವರು ಹತ್ತರಿಂದ ಐದರತನಕ ಆಫೀಸಿನಾಗ ಇರ್ಲಿ, ಇವರು ಮನಿಯಾಗ." ಬೆಂಚಿನ ಕಡೆ ತಿರುಗಿ, "ಸಾರು ಮಾಡಾಕ ಬರ್ತದೇನ್ರಿ?" ಎಂದಳು.

"ಬರ್ತದ್ರಿ," ಎಂದ ಮಧುಸೂದನ.

ಆ ಕಚೇರಿಯಲ್ಲಿ ಕೇಳಿದ್ದಕ್ಕೆ ಅದೇ ದಿನ ಉತ್ತರ ಸಿಕ್ಕಿದ್ದು ಅದೇ ಮೊದಲು.

ಈಗ ಅಲ್ಲಿ ಹನ್ನೊಂದು ರಟ್ಟುಗಳಿವೆ. ಸಾಹೇಬರೂ ಪಾರ್ವತಿನಗರದ ಡಾಕ್ಟರಮ್ಮನ ಹತ್ತಿರ ಹೋಗಿ ಬಂದರು. ಸಿಬ್ಬಂದಿ ಈಚೆಗೆ ಬೈಯುವುದಿಲ್ಲವೆಂದು ಸಾರ್ವಜನಿಕರು ಮೆಚ್ಚುಗೆ ಪತ್ರ ಕೊಟ್ಟಿದ್ದಾರೆ. ಅದು ರಟ್ಟೊಂದರ ಮುಂದೆ ಪರಿಶೀಲನೆಯಲ್ಲಿದೆ.